ಹಿಮ ಬಿದ್ದ ಊರಲ್ಲಿ ಸಿಟಿ ಬಸ್ ಓಡಿಸುವುದು ಹೇಗೆ: ಸಿಯಾಟಲ್ ಗುಡ್ಡಗಳ ಲೆಕ್ಕದಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಮೊದಲೇ ಹೇಳಿಬಿಡುತ್ತೇನೆ. ಜೋರು ಹಿಮದಲ್ಲಿ ಎಲ್ಲ ಬಸ್ಸನ್ನೂ ಓಡಿಸುತ್ತೇನೆ ಅಂತ ಹೊರಟವರು ಮಧ್ಯಾಹ್ನದ ಹೊತ್ತಿಗೆ ಒಂದು ಬಸ್ಸನ್ನೂ ಓಡಿಸಲಾಗದೆ ಕೂರುತ್ತಾರೆ. ಯಾವ ರೂಟ್ ಬಿಡಬೇಕು, ಯಾವ ಗುಡ್ಡ ಹತ್ತಬಾರದು, ಯಾವ ಗಾಡಿ ಡಿಪೋದಲ್ಲೇ ಇರಬೇಕು ಅನ್ನೋದನ್ನು ಬಿಸಿಲಿರುವಾಗಲೇ ತೀರ್ಮಾನ ಮಾಡಿದವರ ಬಸ್ ಓಡುತ್ತದೆ. ಟೈರಿಗೆ ಸುತ್ತುವ ಚೈನ್, ರಸ್ತೆಗೆ ಹಾಕುವ ಉಪ್ಪು, ಡ್ರೈವರ್ ಕೈಚಳಕ ಎಲ್ಲ ಬೇಕು, ಆದರೆ ಅವೆಲ್ಲ ಆಮೇಲಿನ ಮಾತು.

ಉದಾಹರಣೆಗೆ ಅಮೆರಿಕದ ವಾಯುವ್ಯ ಮೂಲೆಯ ಸಿಯಾಟಲ್ ತೆಗೆದುಕೊಂಡಿದ್ದೇನೆ. ಅದರ ಪಕ್ಕದ ಬೆಲ್ವ್ಯೂ, ರೆಡ್ಮಂಡ್ ಕಡೆ ನಮ್ಮ ಜನ ಜಾಸ್ತಿ, ಅದೊಂದು ಕಾರಣ. ಇನ್ನೊಂದು ಕಾರಣ, ಈ ಊರಿಗೆ ಹಿಮದ ರೂಢಿಯೇ ಇಲ್ಲ. ವರ್ಷಕ್ಕೆ ಸರಾಸರಿ 15 ಸೆಂ.ಮೀ. ಆಸುಪಾಸು ಬೀಳುತ್ತದೆ, ಕೆಲವು ವರ್ಷ ಏನೂ ಇಲ್ಲ. ಆದರೆ 2019ರ ಫೆಬ್ರವರಿ ಒಂದೇ ತಿಂಗಳಲ್ಲಿ ಇಲ್ಲಿನ ವಿಮಾನ ನಿಲ್ದಾಣದಲ್ಲಿ 50 ಸೆಂ.ಮೀ. ದಾಟಿತು. ಇಂಥ ಊರಿಗೆ ಪ್ರತಿ ವರ್ಷ ಜೋರು ಹಿಮ ಕಾಣುವ ಮಿನಿಯಾಪೊಲಿಸ್ ಥರ ಸ್ನೋ ಪ್ಲೌಗಳ, ಅಂದರೆ ಹಿಮ ತಳ್ಳುವ ಗಾಡಿಗಳ, ದೊಡ್ಡ ದಂಡು ಸಾಕಲು ಆಗಲ್ಲ. ಇದ್ದಷ್ಟರಲ್ಲೇ ನಡೆಸಬೇಕು.

ಮೇಲೆ ಗುಡ್ಡಗಳು ಬೇರೆ. ಕ್ವೀನ್ ಆ್ಯನ್ ಅವೆನ್ಯೂ ಅನ್ನೋ ಬೀದಿಯ ಏರು ಸುಮಾರು ಶೇ. 18, ಅಂದರೆ ನೂರು ಮೀಟರ್ ಮುಂದೆ ಹೋದರೆ 18 ಮೀಟರ್ ಮೇಲಕ್ಕೆ. ನಮ್ಮ ಘಾಟಿ ರಸ್ತೆ ತಿರುವು ತಿರುವಾಗಿ ಹತ್ತುತ್ತದೆ, ಇದು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಇನ್ನು ಚಳಿ. ಮೈನಸ್ 15 ಡಿಗ್ರಿಯ ಊರಿಗಿಂತ ಸೊನ್ನೆಯ ಹತ್ತಿರದ ಊರು ಸುಲಭ ಅಂತ ಅನ್ನಿಸುತ್ತದೆ ಅಲ್ವಾ? ಉಲ್ಟಾ. ಗಡಗಡ ಚಳಿಯಲ್ಲಿ ಹಿಮ ಒಣಗಿದ್ದು ಟೈರಿಗೆ ಸ್ವಲ್ಪ ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ, ಆಗ ಜಾರುವಷ್ಟು ಬೇರೆ ಯಾವಾಗಲೂ ಜಾರುವುದಿಲ್ಲ. ಹಗಲು ಕರಗಿದ್ದು ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಸಿಯಾಟಲ್ ಕಷ್ಟ ಇದೇ.

1. ಅಕ್ಟೋಬರ್‌ನಲ್ಲೇ ರೂಟ್ ಕತ್ತರಿಸಿ

ಗೋಡೆಯ ಮೇಲೆ ಊರಿನ ನಕ್ಷೆ ಹಾಕಿ. ಪ್ರತಿ ರೂಟಿನ ಕಡಿದಾದ ಏರು, ಕಿರಿದಾದ ತಿರುವು, ಇಳಿಜಾರಿನ ಕೊನೆಗಿರುವ ಸಿಗ್ನಲ್, ಎಲ್ಲವನ್ನೂ ಗುರುತು ಮಾಡಿ. ಈ ಕೆಲಸಕ್ಕೆ ಆಫೀಸಿನವರನ್ನು ಮಾತ್ರ ಕೂರಿಸಬೇಡಿ, ಹಳೆಯ ಡ್ರೈವರ್‌ಗಳನ್ನು ಕರೆಯಿರಿ. ಯಾವ ತಿರುವಿನಲ್ಲಿ ಮರದ ನೆರಳು ಬಿದ್ದು ಮಧ್ಯಾಹ್ನವಾದರೂ ಮಂಜುಗಡ್ಡೆ ಕರಗುವುದಿಲ್ಲ ಅಂತ ಅವರಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ.

ಆಮೇಲೆ ಮೂರು ಹಂತ ಮಾಡಿ. ಮಾಮೂಲಿ ಸೇವೆ ಒಂದು. ಎರಡನೆಯದು ಹಿಮದ ರೂಟ್: ಬಸ್ ಓಡುತ್ತದೆ, ಆದರೆ ಗುಡ್ಡ ಬಿಟ್ಟು ಕೆಳಗಿನ ದೊಡ್ಡ ರಸ್ತೆಯಲ್ಲಿ ಸುತ್ತಿ ಹೋಗುತ್ತದೆ. ಮೂರನೆಯದು ತುರ್ತು ಜಾಲ: ಆಯ್ದ ಕೆಲವೇ ರೂಟ್, ಉಳಿದದ್ದೆಲ್ಲ ಬಂದ್. ಇಲ್ಲಿ ಬಸ್ ನಡೆಸುವ ಕಿಂಗ್ ಕೌಂಟಿ ಮೆಟ್ರೋ ಸಂಸ್ಥೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) 2008ರ ಡಿಸೆಂಬರ್ ಹಿಮದಲ್ಲಿ ಬುದ್ಧಿ ಕಲಿತ ಮೇಲೆ ಇಂಥ ಜಾಲ ಹೆಣೆದಿಟ್ಟಿತು. ಅದನ್ನು ಮೊದಲ ಸಲ ಜಾರಿ ಮಾಡಿದ್ದು 2019ರ ಫೆಬ್ರವರಿಯಲ್ಲಿ, ಸುಮಾರು 60 ಮುಖ್ಯ ರೂಟುಗಳೊಂದಿಗೆ. ಹತ್ತು ವರ್ಷ ಬೀರುವಿನಲ್ಲಿದ್ದ ಯೋಜನೆ ಅದು, ಬೇಕಾದಾಗ ಕೈಗೆ ಸಿಕ್ಕಿತು.

ಇನ್ನೊಂದು ಮಾತು. ಊರನ್ನು ಭಾಗ ಭಾಗ ಮಾಡಿಕೊಳ್ಳಿ. ಉತ್ತರದ ಗುಡ್ಡದಲ್ಲಿ ಮೊಣಕಾಲುದ್ದ ಹಿಮ ಇದ್ದಾಗ ದಕ್ಷಿಣದಲ್ಲಿ ಬರೀ ಮಳೆ ಇರಬಹುದು. ಒಂದು ಕಡೆ ಹಿಮ ಅಂತ ಇಡೀ ಊರಿನ ರೂಟ್ ಬದಲಿಸಿದರೆ ಮಳೆಯಲ್ಲಿ ನಿಂತವರು ನಿಮ್ಮನ್ನು ಬೈಯುತ್ತಾರೆ, ಬೈಯಲೂ ಬೇಕು.

ಯಾವುದನ್ನು ಉಳಿಸಿಕೊಳ್ಳಬೇಕು? ಜನ ಜಾಸ್ತಿ ಹತ್ತುವ ರೂಟ್ ಅಂತ ಸುಲಭವಾಗಿ ಹೇಳಿಬಿಡಬಹುದು. ನನ್ನ ಪ್ರಕಾರ ಮೊದಲು ಆಸ್ಪತ್ರೆ. ಸಿಯಾಟಲ್‌ನ ದೊಡ್ಡ ಆಸ್ಪತ್ರೆಗಳು ಫಸ್ಟ್ ಹಿಲ್ ಅನ್ನೋ ಗುಡ್ಡದ ಮೇಲೇ ಕೂತಿವೆ, ಏನು ಮಾಡೋದು. ನಮ್ಮ ಸಾಫ್ಟ್‌ವೇರ್ ಮಂದಿ ಹಿಮ ಬಿದ್ದ ದಿನ ಮನೆಯಿಂದ ಕೆಲಸ ಅಂತ ಒಂದು ಮೆಸೇಜ್ ಹಾಕಿ ಕಾಫಿ ಹಿಡಿದು ಕೂರುತ್ತಾರೆ. ಬೆಳಿಗ್ಗೆ ಐದರ ಬಸ್ ಹತ್ತುವ ನರ್ಸು, ಅಡುಗೆಯವರು, ನೆಲ ಒರೆಸುವವರು ಹಾಗೆ ಕೂರಲು ಆಗಲ್ಲ. ಮನೆ ಬಾಗಿಲಿಗೆ ಬರುವ ಅಂಗವಿಕಲರ ವ್ಯಾನ್ ಸೇವೆ ಇದ್ದರೆ ಅದರಲ್ಲೂ ಹೀಗೆಯೇ: ಡಯಾಲಿಸಿಸ್ ಇರುವವರು ಮೊದಲು, ಉಳಿದವರು ಆಮೇಲೆ. ವಾರಕ್ಕೆ ಮೂರು ಸಲ ಹೋಗಲೇಬೇಕಾದ ಚಿಕಿತ್ಸೆ ಅದು, ಹಿಮ ಕರಗಲಿ ಅಂತ ಕಾಯಲು ಬರುವುದಿಲ್ಲ. ಅವರ ಪಟ್ಟಿ, ವಿಳಾಸ, ದಿನ, ಎಲ್ಲ ಮೊದಲೇ ಪ್ರಿಂಟ್ ಹಾಕಿ ಇಟ್ಟಿರಿ.

2. ರಸ್ತೆ ಯಾರದು ಅಂತ ಕೇಳಿ

ಇದನ್ನು ಬಹಳ ಜನ ಮರೆಯುತ್ತಾರೆ. ಬಸ್ ಕೌಂಟಿಯದು, ಬೀದಿಯ ಹಿಮ ತೆಗೆಯುವುದು ನಗರದ್ದು, ಹೆದ್ದಾರಿ ರಾಜ್ಯದ್ದು. ಮೂರು ಆಫೀಸು, ಮೂರು ನಕ್ಷೆ. ನಿಮ್ಮ ಹಿಮದ ರೂಟ್ ಹೋಗುವ ರಸ್ತೆ ಅವರ ಪಟ್ಟಿಯಲ್ಲಿ ಮೊದಲಿಗೆ ಇಲ್ಲದಿದ್ದರೆ ನೀವು ಮಾಡಿದ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ನವೆಂಬರ್ ಒಳಗೆ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬಸ್ ತಿರುಗುವ ಜಾಗ, ಡಿಪೋ ಗೇಟಿನ ಮುಂದಿನ ರಸ್ತೆ, ಈ ಎರಡನ್ನೂ ಹೇಳಿ ಸೇರಿಸಿ. ಡಿಪೋ ಒಳಗೆ ನೂರು ಬಸ್ ಸಿದ್ಧವಾಗಿದ್ದು ಗೇಟಿನ ಮುಂದೆ ಪ್ಲೌ ತಳ್ಳಿದ ಹಿಮದ ದಿಬ್ಬ ಇದ್ದರೆ ಏನು ಪ್ರಯೋಜನ?

ಉಪ್ಪಿನ ವಿಷಯವೂ ಅವರ ಹತ್ತಿರವೇ ಮಾತಾಡಬೇಕು. 2008ರವರೆಗೆ ಸಿಯಾಟಲ್ ನಗರ ರಸ್ತೆಗೆ ಉಪ್ಪು ಹಾಕುತ್ತಿರಲಿಲ್ಲ. ಹಾಕಿದ್ದೆಲ್ಲ ತೊಳೆದು ಊರ ಪಕ್ಕದ ಪ್ಯೂಜೆಟ್ ಸೌಂಡ್ ಅನ್ನೋ ಕಡಲ ಕೊಲ್ಲಿ ಸೇರುತ್ತದೆ, ನೀರು ಕೆಡುತ್ತದೆ ಅಂತ ಮರಳು ಮಾತ್ರ. ಆ ಡಿಸೆಂಬರ್‌ನಲ್ಲಿ ಬೀದಿಗಳು ದಿನಗಟ್ಟಲೆ ಗಟ್ಟಿ ಮಂಜುಗಡ್ಡೆಯಾದವು, ಜನ ಸಿಟ್ಟಾದರು, ನೀತಿ ಬದಲಾಯಿತು. ಮರುವರ್ಷದ ಚುನಾವಣೆಯ ಮೊದಲ ಸುತ್ತಿನಲ್ಲೇ ಮೇಯರ್ ಗ್ರೆಗ್ ನಿಕಲ್ಸ್ ಸೋತರು. ಹಿಮದ ಸಿಟ್ಟೂ ಅದಕ್ಕೆ ಒಂದು ಕಾರಣ ಅಂತ ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ.

ಉಪ್ಪು ಹಾಕುವುದಾದರೆ ಹಿಮ ಬೀಳುವ ಮೊದಲು ಹಾಕಬೇಕು. ನೀರಿಗೆ ಶೇ. 23ರಷ್ಟು ಉಪ್ಪು ಬೆರೆಸಿ ರಸ್ತೆಗೆ ಸಿಂಪಡಿಸಿದರೆ ಹಿಮ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ, ಪ್ಲೌ ಬಂದಾಗ ಸಲೀಸಾಗಿ ಏಳುತ್ತದೆ. ಆದರೆ ಮೊದಲು ಮಳೆ ಬಂದು ಆಮೇಲೆ ಹಿಮವಾಗುವ ದಿನ ಸಿಂಪಡಿಸಿದ್ದೆಲ್ಲ ತೊಳೆದು ಹೋಗುತ್ತದೆ. ಸಿಯಾಟಲ್‌ನಲ್ಲಿ ಹಾಗೆ ಆಗೋದೇ ಜಾಸ್ತಿ. ಮೈನಸ್ 9 ಡಿಗ್ರಿಗಿಂತ ಕೆಳಗೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬೇಕು.

3. ಯಾವ ಗಾಡಿ ಡಿಪೋದಲ್ಲೇ ಇರಬೇಕು

ಉದ್ದ ಬಸ್ಸು. ಬೆಂಗಳೂರಲ್ಲಿ ವೆಸ್ಟಿಬ್ಯೂಲ್ ಅಂತ ಓಡಿಸಿದ್ದರಲ್ಲ, ನಡುವೆ ರಬ್ಬರ್ ಮಡಿಕೆ ಇರುವ 18 ಮೀಟರ್ ಬಸ್ಸು, ಅದು. ಖಾಲಿ ಇದ್ದಾಗಲೇ 18 ಟನ್‌ಗೂ ಮೇಲೆ ತೂಗುತ್ತದೆ. ಇಂಥ ಬಹಳಷ್ಟು ಬಸ್ಸುಗಳಲ್ಲಿ ಇಂಜಿನ್ ಹಿಂದಿನ ತುಂಡಿನಲ್ಲಿದೆ, ಅಲ್ಲಿಂದ ಮುಂದಿನ ತುಂಡನ್ನು ತಳ್ಳುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ತಪ್ಪಿತು ಅಂದರೆ ಹಿಂದಿನದು ತಳ್ಳುತ್ತಲೇ ಇರುತ್ತದೆ, ಬಸ್ ನಡುವೆ ಮಡಚಿಕೊಂಡು ರಸ್ತೆಗೆ ಅಡ್ಡ ನಿಲ್ಲುತ್ತದೆ. ಹಾಗೆ ನಿಂತ ಒಂದು ಬಸ್ಸು ನಾಲ್ಕು ರೂಟ್ ಬಂದ್ ಮಾಡುತ್ತದೆ, ಪ್ಲೌಗೂ ದಾರಿ ಬಿಡುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2010ರ ಡಿಸೆಂಬರ್ 26ರ ಹಿಮದಲ್ಲಿ ಆಗಿದ್ದು ಇದೇ ಕಥೆ, ನೂರಾರು ಬಸ್ಸುಗಳು ಬೀದಿಗಳಲ್ಲೇ ಸಿಕ್ಕಿಬಿದ್ದವು.

ಹಾಗಾಗಿ 12 ಮೀಟರ್ ಬಸ್ ಮೊದಲು, ಉದ್ದ ಬಸ್ ಸಮತಟ್ಟು ರಸ್ತೆಗೆ ಮಾತ್ರ, ಗುಡ್ಡದ ಮೇಲಿನ ಬಡಾವಣೆಗೆ ಚೈನ್ ಹಾಕಿದ ಸಣ್ಣ ವ್ಯಾನ್. ಆಗುಂಬೆ ಘಾಟಿಯಲ್ಲಿ ನಮ್ಮವರು ಮಿನಿ ಬಸ್ ಓಡಿಸುತ್ತಾರಲ್ಲ, ಅದೇ ಬುದ್ಧಿ: ದಾರಿಗೆ ತಕ್ಕ ಗಾಡಿ. ಉದ್ದ ಬಸ್ ಬಿಟ್ಟರೆ ಸೀಟು ಕಮ್ಮಿಯಾಗುತ್ತದೆ, ನಿಜ. ಆದರೆ ಅಡ್ಡ ನಿಂತ ಬಸ್ಸಿನಲ್ಲಿ ಸೀಟು ಎಷ್ಟಿದ್ದರೇನು?

ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ಟ್ರಾಲಿ ಬಸ್ 1940ರಿಂದ ಸಿಯಾಟಲ್‌ನಲ್ಲಿದೆ. ಗುಡ್ಡ ಹತ್ತುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ತಂತಿ ಎಲ್ಲಿದೆಯೋ ಅಲ್ಲೇ ಹೋಗಬೇಕು, ಸುತ್ತು ದಾರಿ ಹಿಡಿಯಲು ಕಷ್ಟ. ಬ್ಯಾಟರಿ ಇರುವ ಹೊಸವು ಸ್ವಲ್ಪ ದೂರ ಹೋಗುತ್ತವೆ ಅಷ್ಟೇ. ಹಿಮದ ದಿನ ಆ ರೂಟಿಗೆ ಬದಲಿ ಡೀಸೆಲ್ ಬಸ್ ಎಷ್ಟು ಬೇಕು ಅಂತ ಮೊದಲೇ ಎಣಿಸಿ. ಬರೀ ಬ್ಯಾಟರಿ ಬಸ್ ಇದ್ದರೆ ಒಳಗೆ ಬೆಚ್ಚಗಿಡುವುದಕ್ಕೇ ಕರೆಂಟ್ ಖರ್ಚಾಗಿ ದೂರ ಕಮ್ಮಿಯಾಗುತ್ತದೆ, ಟ್ರಿಪ್ ಕಡಿಮೆ ಕೊಡಿ.

4. ಹಿಂದಿನ ರಾತ್ರಿ: ಚೈನ್

ಹವಾಮಾನದವರು ಹಿಮ ಅಂದ ರಾತ್ರಿ ಡಿಪೋದಲ್ಲಿ ಇದೊಂದೇ ಕೆಲಸ. ಬೆಳಿಗ್ಗೆ ಹಾಕೋಣ ಅಂದರೆ ಆಗಲ್ಲ, ಐದು ಗಂಟೆಗೆ ಎಲ್ಲ ಬಸ್ ಒಟ್ಟಿಗೆ ಹೊರಡಬೇಕು.

ಚೈನ್ ಹೋಗುವುದು ಇಂಜಿನ್ ತಿರುಗಿಸುವ ಚಕ್ರಗಳಿಗೆ. ಮೊದಲು ಚೈನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ತಿರುಚಿಕೊಂಡ ಕೊಂಡಿ ಇದೆಯಾ ನೋಡಿ. ಅಡ್ಡ ಸರಪಳಿಯ ಕೊಕ್ಕೆಗಳ ತುದಿ ಟೈರಿನ ಕಡೆಗಲ್ಲ, ಹೊರಗೆ ಮುಖ ಮಾಡಿರಬೇಕು. ಒಳಮುಖವಾದರೆ ಕೊಕ್ಕೆ ಟೈರನ್ನೇ ಕೊರೆಯುತ್ತದೆ. ಟೈರಿನ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಂಡಿ ಸಿಕ್ಕಿಸಿ, ಆಮೇಲೆ ಹೊರಬದಿಯದು ಎಳೆದು ಬಿಗಿ ಮಾಡಿ. ಒಳಬದಿಗೆ ಕೈ ಹಾಕುವಾಗ ಕಣ್ಣಿಗೆ ಏನೂ ಕಾಣಲ್ಲ, ಬೆರಳಲ್ಲೇ ತಡಕಬೇಕು. ದಪ್ಪ ಕೈಗವಸು ಹಾಕಿಕೊಂಡರೆ ಕೊಂಡಿ ಸಿಗುವುದಿಲ್ಲ, ಬರಿಗೈಯಾದರೆ ಕಬ್ಬಿಣ ಹಿಮದಷ್ಟೇ ತಣ್ಣಗೆ. ಮೆಕ್ಯಾನಿಕ್‌ಗಳಿಗೆ ತೆಳ್ಳಗಿನ ರಬ್ಬರ್ ಕೈಗವಸು, ಹತ್ತಿರದಲ್ಲೇ ಒಂದು ಹೀಟರ್, ಬಿಸಿ ಚಹಾ ಕೊಡಿ. ಹೊರಮೈಗೆ ರಬ್ಬರ್ ಬಿಗಿಪಟ್ಟಿ ಹಾಕಿದ ಮೇಲೆ ಬಸ್ಸನ್ನು ಅಂಗಳದಲ್ಲೇ ಒಂದು ಸುತ್ತು ಓಡಿಸಿ ನಿಲ್ಲಿಸಿ. ಚೈನ್ ಕೂತುಕೊಂಡು ಸಡಿಲವಾಗಿರುತ್ತದೆ, ಮತ್ತೆ ಬಿಗಿಯಿರಿ. ಈ ಎರಡನೇ ಬಿಗಿತ ಬಿಟ್ಟ ಬಸ್ಸೇ ಏಳು ಗಂಟೆಗೆ ನಡುದಾರಿಯಲ್ಲಿ ನಿಲ್ಲುವುದು.

ಚೈನ್ ಹಾಕಿದ ಬಸ್ ಗಂಟೆಗೆ 50 ಕಿ.ಮೀ. ದಾಟಬಾರದು. ಬರಿ ಡಾಂಬರಿನ ಮೇಲೆ ತುಂಬ ಹೊತ್ತು ಓಡಿದರೆ ಕೊಂಡಿ ಸವೆದು ತುಂಡಾಗುತ್ತದೆ. ತುಂಡಾದ ಚೈನ್ ಚಕ್ರದ ಗೂಡಿಗೆ ಟಪ್ ಟಪ್ ಅಂತ ಬಡಿಯುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು ಅಂತ ಪ್ರತಿ ಡ್ರೈವರ್‌ಗೂ ಹೇಳಿ. ಇನ್ನೆರಡು ಸ್ಟಾಪ್ ಹೋಗಿಬಿಡೋಣ ಅಂದರೆ ಬ್ರೇಕಿನ ಗಾಳಿ ಪೈಪು, ವೈರು ಎಲ್ಲ ಕಿತ್ತು ಬರುತ್ತದೆ.

5. ಗೇಟು ದಾಟುವ ಮೊದಲು

ಗಾಳಿ ಟ್ಯಾಂಕಿನ ನೀರು ಬಸಿಯಿರಿ. ಅದು ಹೆಪ್ಪುಗಟ್ಟಿದರೆ ಬ್ರೇಕ್ ಕೈಕೊಡುತ್ತದೆ. ಡೀಸೆಲ್ ಚಳಿಗಾಲದ್ದೇ ತುಂಬಿಸಿ, ಇಲ್ಲದಿದ್ದರೆ ಜೋರು ಚಳಿಯಲ್ಲಿ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ವೈಪರ್, ಹೀಟರ್, ಬಾಗಿಲಿನ ರಬ್ಬರ್ ನೋಡಿ. ಮರಳಿನ ಚೀಲ, ಸಲಿಕೆ, ಟಾರ್ಚ್ ಪ್ರತಿ ಬಸ್ಸಿನಲ್ಲೂ ಇರಲಿ. ಇನ್ನೊಂದು, ರಿಟಾರ್ಡರ್ ಆಫ್ ಮಾಡಿ. ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಅದು ಹಿಂದಿನ ಚಕ್ರವನ್ನು ಮಾತ್ರ ಹಿಡಿದು ನಿಧಾನ ಮಾಡುತ್ತದೆ, ಜಾರುವ ರಸ್ತೆಯಲ್ಲಿ ಹಾಗಾದರೆ ಬಸ್ಸಿನ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ.

6. ಸ್ಟೀರಿಂಗ್ ಹಿಂದೆ ಕೂತವರಿಗೆ

ಏನೇ ಮಾಡಿದರೂ ಮೆಲ್ಲಗೆ. ಒಂದೇ ಸಲ ಬ್ರೇಕೂ ತಿರುವೂ ಬೇಡ: ಮೊದಲು ವೇಗ ಇಳಿಸಿ, ಆಮೇಲೆ ತಿರುಗಿಸಿ. ಮುಂದಿನ ಗಾಡಿಗೂ ನಿಮಗೂ ಎಂಟು ಹತ್ತು ಸೆಕೆಂಡ್ ಅಂತರ ಇರಲಿ.

ಏರು ಬಂದಾಗ ಕೆಳಗೇ ನಿಂತು ಮೇಲೆ ನೋಡಿ. ಅರ್ಧದಲ್ಲಿ ಕಾರು ಸಿಕ್ಕಿಕೊಂಡಿದ್ದರೆ ಹತ್ತಲೇಬೇಡಿ. ದಾರಿ ಖಾಲಿಯಾದ ಮೇಲೆ ಒಂದೇ ಉಸಿರಿಗೆ ಹತ್ತಿ, ನಡುವೆ ಯಾರು ಕೈ ಬೀಸಿದರೂ ನಿಲ್ಲಿಸುವಂತಿಲ್ಲ. ಮನಸ್ಸಿಗೆ ಕಷ್ಟ ಆಗುತ್ತದೆ, ವಯಸ್ಸಾದವರು ನಿಂತಿರುತ್ತಾರೆ. ಆದರೆ ಅವರನ್ನು ಹತ್ತಿಸಿಕೊಳ್ಳಲು ನಿಂತ ಬಸ್ ಹಿಂದಕ್ಕೆ ಜಾರಿದರೆ ಒಳಗಿರುವ ನಲವತ್ತು ಜನವೂ ಜಾರುತ್ತಾರೆ.

ಸ್ಟಾಪಿನಲ್ಲಿ ಫುಟ್‌ಪಾತ್ ಅಂಚಿಗೆ ಒತ್ತಿ ನಿಲ್ಲಿಸಬೇಡಿ. ಮಳೆ ನೀರು ಹರಿಯಲಿ ಅಂತ ರಸ್ತೆ ನಡುವೆ ಉಬ್ಬಿ, ಅಂಚಿನ ಕಡೆ ಇಳಿದಿರುತ್ತದೆ. ಹಿಮದಲ್ಲಿ ಬಸ್ಸಿನ ಹಿಂಭಾಗ ಆ ಇಳಿಜಾರಿಗೆ ತಾನಾಗೇ ಸರಿದು, ನಿಂತವರ ಕಾಲಿನ ಹತ್ತಿರಕ್ಕೇ ಬರುತ್ತದೆ. ಸ್ವಲ್ಪ ದೂರದಲ್ಲೇ ನಿಲ್ಲಿಸಿ. ಪ್ಲೌ ತಳ್ಳಿದ ದಿಬ್ಬದ ಮೇಲೆ ಯಾರನ್ನೂ ಇಳಿಸಬೇಡಿ, ಗಾಲಿಕುರ್ಚಿಯವರಿದ್ದರೆ ಸ್ವಚ್ಛ ಜಾಗ ಸಿಗುವವರೆಗೆ ಮುಂದೆ ಹೋಗಿ ರ‍್ಯಾಂಪ್ ಬಿಡಿ.

ಚಕ್ರ ಸುತ್ತತೊಡಗಿದರೆ ಆ್ಯಕ್ಸಿಲರೇಟರ್ ಒತ್ತಬೇಡಿ. ಸುತ್ತಿದಷ್ಟೂ ಕೆಳಗಿನ ಹಿಮ ಕರಗಿ ಇನ್ನಷ್ಟು ನುಣುಪಾಗುತ್ತದೆ. ಮರಳು ಹಾಕಿ ಒಮ್ಮೆ ನೋಡಿ, ಆಗದಿದ್ದರೆ ಕಂಟ್ರೋಲ್ ರೂಮಿಗೆ ಹೇಳಿ ಸುಮ್ನೆ ಇರಿ. ಇಲ್ಲಿ ಮುಂದೆ ಹೋಗುವುದು ಸುರಕ್ಷಿತ ಅಲ್ಲ ಅಂತ ಡ್ರೈವರ್ ಹೇಳಿದರೆ ಅದೇ ಕೊನೆಯ ಮಾತು. ಬಿಸಿ ಕೋಣೆಯಲ್ಲಿ ಕೂತ ಮೇಲಧಿಕಾರಿ "ಟ್ರೈ ಮಾಡಪ್ಪಾ" ಅನ್ನುವ ಹಾಗಿಲ್ಲ. ಇದನ್ನು ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಿ.

7. ಕಂಟ್ರೋಲ್ ರೂಮಿನಲ್ಲಿ ಟೈಮ್‌ಟೇಬಲ್ ಮುಚ್ಚಿಡಿ

ಹಿಮದಲ್ಲಿ 7:42ರ ಬಸ್ ಅಂತ ಇರುವುದಿಲ್ಲ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಎಷ್ಟು ನಿಮಿಷ ಅನ್ನೋದನ್ನು ಮಾತ್ರ ನೋಡಿ. ಮೂರು ಬಸ್ ಸಾಲಾಗಿ ಬಂದರೆ ಒಂದನ್ನು ತಡೆದು ನಿಲ್ಲಿಸಿ, ಒಂದನ್ನು ಅರ್ಧದಿಂದಲೇ ತಿರುಗಿಸಿ. ಟೋ ಟ್ರಕ್‌ಗಳನ್ನು ಡಿಪೋದಲ್ಲಿ ಇಟ್ಟುಕೊಳ್ಳಬೇಡಿ, ಮೊದಲೇ ಗುಡ್ಡದ ಬುಡಗಳಲ್ಲಿ ನಿಲ್ಲಿಸಿ.

ಡ್ರೈವರ್‌ಗಳು ಡಿಪೋಗೆ ಹೇಗೆ ಬರುತ್ತಾರೆ ಅಂತ ಯಾರೂ ಯೋಚಿಸುವುದಿಲ್ಲ. ಅವರ ಮನೆ ಮುಂದೆಯೂ ಹಿಮ ಇದೆ! ಕೆಲವರಿಗೆ ಹತ್ತಿರದ ಹೋಟೆಲ್‌ನಲ್ಲಿ ರೂಮ್ ಮಾಡಿ, ಉಳಿದವರನ್ನು ವ್ಯಾನ್ ಕಳಿಸಿ ಕರೆಸಿ. ಸುತ್ತು ದಾರಿಯ ರೂಟಿನ ಕೊನೆಯಲ್ಲಿ ಟಾಯ್ಲೆಟ್ ಇದೆಯಾ ನೋಡಿದ್ದೀರಾ? ಒಂದು ಗಂಟೆಯ ಟ್ರಿಪ್ ಮೂರು ಗಂಟೆಯಾಗುವ ದಿನ ಇದು ಸಣ್ಣ ವಿಷಯ ಅಲ್ಲ. ಕೆಲಸದ ಗಂಟೆಯ ಮಿತಿಯನ್ನೂ ಹಿಮ ಅಂತ ಮುರಿಯಬೇಡಿ.

8. ಜನಕ್ಕೆ ನೇರವಾಗಿ ಹೇಳಿ

"ಸೇವೆಯಲ್ಲಿ ವ್ಯತ್ಯಯ ಉಂಟಾಗಬಹುದು" ಅಂತ ಬರೆಯುವವರಿಗೆ ಆ ಸ್ಟಾಪಿನಲ್ಲೇ ಅರ್ಧ ಗಂಟೆ ನಿಲ್ಲುವ ಶಿಕ್ಷೆ ಕೊಡಬೇಕು. ಹೀಗೆ ಬರೆಯಿರಿ: "ಇವತ್ತು ಬಸ್ ಗುಡ್ಡದ ಮೇಲೆ ಬರುವುದಿಲ್ಲ. ಕೆಳಗಿನ ದೊಡ್ಡ ರಸ್ತೆಯ ಸ್ಟಾಪಿಗೆ ನಡೆದು ಬನ್ನಿ. ಅರ್ಧ ಗಂಟೆಗೊಂದು ಬಸ್ ಇದೆ." ಹಿಮದ ರೂಟ್ ನಕ್ಷೆಯನ್ನು ನವೆಂಬರ್‌ನಲ್ಲೇ ಸ್ಟಾಪುಗಳಲ್ಲಿ ಅಂಟಿಸಿ, ಫೋನಿಗೆ ಬರುವ ಎಚ್ಚರಿಕೆ ಮೆಸೇಜಿಗೆ ಜನ ಮೊದಲೇ ಹೆಸರು ಕೊಡುವಂತೆ ಮಾಡಿ.

ಆ್ಯಪ್ ನಂಬಬೇಡಿ ಅಂತಲೂ ಹೇಳಿ. ಬಸ್ ತನ್ನ ಮಾಮೂಲಿ ದಾರಿ ಬಿಟ್ಟ ಕೂಡಲೇ ಆ್ಯಪಿನ ಲೆಕ್ಕ ತಪ್ಪುತ್ತದೆ, ಎರಡು ನಿಮಿಷ ಅಂತ ತೋರಿಸಿದ ಬಸ್ ಬರುವುದೇ ಇಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮನನ್ನು ದೇವಸ್ಥಾನಕ್ಕೆ ಬಸ್ಸಿನಲ್ಲಿ ಕಳಿಸುವ ನಮ್ಮವರಿಗೆ ಒಂದು ಮಾತು: ಆ ದಿನ ಬೇಡ. ಹೋಗಲೇಬೇಕಾದರೆ ಸಮತಟ್ಟಾದ ಜಾಗದ ಸ್ಟಾಪಿನಲ್ಲಿ, ರಸ್ತೆ ಅಂಚಿನಿಂದ ದೂರ, ಎದ್ದು ಕಾಣುವ ಬಣ್ಣದ ಜಾಕೆಟ್ ಹಾಕಿಸಿ ನಿಲ್ಲಿಸಿ.

9. ಯಾವಾಗ ನಿಲ್ಲಿಸಬೇಕು

2008ರ ಡಿಸೆಂಬರ್ 19ರಂದು ಎರಡು ಬಾಡಿಗೆ ಬಸ್ಸುಗಳು ಸಿಯಾಟಲ್‌ನ ಕ್ಯಾಪಿಟಲ್ ಹಿಲ್ ಗುಡ್ಡದ ಇಳಿಜಾರಲ್ಲಿ ಜಾರಿ, ತಡೆಗೋಡೆ ಮುರಿದು, ಕೆಳಗೆ ಹೆದ್ದಾರಿ ಇರುವಲ್ಲಿ ಮೂತಿ ಗಾಳಿಗೆ ಚಾಚಿ ನಿಂತವು. ಪುಣ್ಯ, ಯಾರೂ ಸಾಯಲಿಲ್ಲ. ಶಿಕಾಗೋದಲ್ಲಿ 2011ರ ಫೆಬ್ರವರಿ 1ರ ಸಂಜೆ ಕೆರೆ ಪಕ್ಕದ ದೊಡ್ಡ ರಸ್ತೆ ಲೇಕ್ ಶೋರ್ ಡ್ರೈವ್ ಮುಚ್ಚುವುದು ತಡವಾಗಿ ನೂರಾರು ಕಾರುಗಳು, ಜೊತೆಗೆ ಬಸ್ಸುಗಳು ರಾತ್ರಿಯಿಡೀ ಅಲ್ಲೇ ಉಳಿದವು. ಲಂಡನ್ 2009ರ ಫೆಬ್ರವರಿ 2ರಂದು ಎಲ್ಲ ಬಸ್ಸನ್ನೂ ವಾಪಸ್ ಕರೆಸಿಕೊಂಡಿತು. ಇಷ್ಟಕ್ಕೇ ಹೆದರಿದರಾ ಅಂತ ಆಡಿಕೊಂಡವರೂ ಇದ್ದರು. ನನಗೆ ಆಯ್ಕೆ ಕೊಟ್ಟರೆ ಲಂಡನ್‌ನವರ ಬೈಗುಳವೇ ಸಾಕು.

ಮಾನದಂಡ ಮೊದಲೇ ಬರೆದಿಡಿ. ಇಷ್ಟು ಬಸ್ ಸಿಕ್ಕಿಬಿದ್ದರೆ ತುರ್ತು ಜಾಲಕ್ಕೆ ಇಳಿಯುತ್ತೇವೆ, ಆಂಬುಲೆನ್ಸ್ ಹೋಗಲಾಗದಿದ್ದರೆ ಪೂರ್ತಿ ನಿಲ್ಲಿಸುತ್ತೇವೆ, ಹೀಗೆ. ನಿಲ್ಲಿಸುವ ಮೊದಲು ಕನಿಷ್ಠ ಎರಡು ಗಂಟೆ ಮುಂಚೆ ಹೇಳಿ, ಬೆಳಿಗ್ಗೆ ಕರೆದುಕೊಂಡು ಹೋದವರನ್ನು ಮನೆಗೆ ತಲುಪಿಸಿ, ಆಮೇಲೆ ಗೇಟು ಹಾಕಿ.

10. ಕರಗುವ ದಿನ

ಬಿಸಿಲು ಬಂತು ಅಂತ ಎಲ್ಲ ರೂಟ್ ಒಂದೇ ಸಲ ಬಿಡಬೇಡಿ. ಬೆಳಿಗ್ಗೆ ನಾಲ್ಕಕ್ಕೆ ಒಬ್ಬರು ಪ್ರತಿ ಗುಡ್ಡಕ್ಕೂ ಕಾರಿನಲ್ಲಿ ಹೋಗಿ, ಇಳಿದು, ರಸ್ತೆಯನ್ನು ಬೂಟಿನಿಂದ ಒತ್ತಿ ನೋಡಿ ಬರಬೇಕು. ಒದ್ದೆಯಾಗಿ ಕಪ್ಪಗೆ ಕಾಣುವುದು ನೀರೋ ಮಂಜುಗಡ್ಡೆಯೋ ಅಂತ ಕಾರಿನೊಳಗಿಂದ ಗೊತ್ತಾಗಲ್ಲ. ಸರಿ ಇದ್ದ ಗುಡ್ಡ ತೆರೆಯಿರಿ, ಉಳಿದದ್ದು ಹತ್ತು ಗಂಟೆಗೆ ಮತ್ತೆ ನೋಡಿ.

ಡಾಂಬರು ಕಂಡ ರೂಟಿನ ಬಸ್ಸಿನ ಚೈನ್ ತೆಗೆಯಿರಿ, ತೊಳೆದು ಒಣಗಿಸಿ, ತುಂಡಾದ ಕೊಂಡಿ ಬೇರೆ ಮಾಡಿ, ಎಣ್ಣೆ ಸವರಿ ಬಸ್ಸಿನ ಸೈಜ್ ಬರೆದು ಡಬ್ಬಕ್ಕೆ ಹಾಕಿ. ಬಸ್ಸಿನ ಕೆಳಭಾಗಕ್ಕೆ ಜೋರು ನೀರು ಹೊಡೆದು ಉಪ್ಪು ತೊಳೆಯಿರಿ, ಬಿಟ್ಟರೆ ತುಕ್ಕು. ಎಲ್ಲೆಲ್ಲಿ ಬಸ್ ಸಿಕ್ಕಿಬಿತ್ತು ಅಂತ ಡ್ರೈವರ್‌ಗಳನ್ನು ಆ ವಾರದಲ್ಲೇ ಕೇಳಿ ಗೋಡೆಯ ನಕ್ಷೆಗೆ ಪಿನ್ ಚುಚ್ಚಿ, ತಿಂಗಳಾದರೆ ಮರೆತಿರುತ್ತಾರೆ. ಮತ್ತೆ ಅವರ ಓವರ್‌ಟೈಮ್ ಅದೇ ತಿಂಗಳ ಸಂಬಳದಲ್ಲಿ ಸೇರಿದೆಯಾ ಅಂತ ಲೆಕ್ಕದ ವಿಭಾಗಕ್ಕೆ ನೀವೇ ಹೋಗಿ ವಿಚಾರಿಸಿ. ಮುಂದಿನ ಸಲ ಹಿಮ ಬೀಳುವ ರಾತ್ರಿ ಎರಡು ಗಂಟೆಗೆ ನೀವು ಫೋನ್ ಮಾಡುವುದು ಅವರಿಗೇ.